ಅನುಮತಿ ಇಲ್ಲದವರು ಕೊಂಡಿ ಒತ್ತಿದಾಗ ಅವರನ್ನು ಎಲ್ಲಿಗೆ ಕಳುಹಿಸಬೇಕು: ದಾಖಲೆ ಪೋರ್ಟಲ್‌ಗಳ ಮರುನಿರ್ದೇಶನ ವಿಧಾನಗಳ ಹೋಲಿಕೆ

ದಾಖಲೆ ಪೋರ್ಟಲ್‌ನಲ್ಲಿ (ಅಂದರೆ ಕೈಪಿಡಿ, ತಾಂತ್ರಿಕ ಟಿಪ್ಪಣಿಗಳನ್ನು ಓದಲು ಇರಿಸುವ ಜಾಲತಾಣದಲ್ಲಿ) ಕೊಂಡಿಯನ್ನು ಬರೆಯುವವರಿಗೂ ಅದನ್ನು ಒತ್ತುವವರಿಗೂ ಒಂದೇ ಬಗೆಯ ಅನುಮತಿ ಇರುವುದು ಅಪರೂಪ. ಬರೆಯುವವರು ಒಳಗಿನವರು, ಅವರಿಗೆ ಎಲ್ಲ ಪುಟಗಳೂ ತೆರೆಯುತ್ತವೆ, ಹಾಗಾಗಿ ತಾವು ಹಾಕಿದ ಕೊಂಡಿ ಇನ್ನೊಬ್ಬರ ಪಾಲಿಗೆ ಮುಚ್ಚಿದ ಬಾಗಿಲು ಎಂಬುದು ಅವರ ಗಮನಕ್ಕೇ ಬರುವುದಿಲ್ಲ. ಒತ್ತುವವರಾದರೋ ನಾನಾ ಬಗೆಯವರು: ಲಾಗಿನ್ ಆಗದೆ ಹುಡುಕಾಟ ಯಂತ್ರದಿಂದ ನೇರವಾಗಿ ಬಂದವರು, ಲಾಗಿನ್ ಆಗಿದ್ದರೂ ಹಳೆಯ ಆವೃತ್ತಿಯ ಪರವಾನಗಿ ಮಾತ್ರ ಇರುವ ಗ್ರಾಹಕರು, ಪಾಲುದಾರ ಸಂಸ್ಥೆಯ ಎಂಜಿನಿಯರ್‌ಗಳು, ನಿನ್ನೆಯಷ್ಟೇ ತಂಡ ಬದಲಿಸಿದ ನೌಕರರು. ಒಂದೇ ವಿಳಾಸವನ್ನು ಇವರೆಲ್ಲರೂ ಕೇಳಿದಾಗ ಪೋರ್ಟಲ್ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡಬೇಕಾಗುತ್ತದೆ. ಆ ಉತ್ತರ ಹೆಚ್ಚಿನ ಸಲ ಮರುನಿರ್ದೇಶನವಾಗಿರುತ್ತದೆ, ಅಂದರೆ ಕೇಳಿದ ಪುಟದ ಬದಲು ಬೇರೊಂದು ಪುಟಕ್ಕೆ ಓದುಗರನ್ನು ಕಳುಹಿಸಲಾಗುತ್ತದೆ.

ಆ ಬೇರೊಂದು ಪುಟ ಯಾವುದಾಗಿರಬೇಕು ಎಂಬುದರಲ್ಲಿ ಆಯ್ಕೆಗಳು ಹಲವಿವೆ. ಯಾವುದನ್ನು ಆರಿಸಿದರೂ ಅದು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವಂತಿರಬೇಕು. ಈ ಓದುಗರು ಯಾರೆಂದು ನಮಗೆ ಗೊತ್ತಿದೆಯೇ? ಗೊತ್ತಿದ್ದರೆ, ಈ ಪುಟವನ್ನು ನೋಡುವ ಹಕ್ಕು ಅವರಿಗಿದೆಯೇ? ಹಕ್ಕಿಲ್ಲದಿದ್ದರೆ, ಇಂಥದೊಂದು ಪುಟ ಇದೆ ಎಂಬ ಸಂಗತಿಯನ್ನಾದರೂ ಅವರಿಗೆ ತಿಳಿಸಬಹುದೇ? ನಾನು ಕಂಡ ದೋಷಪೂರ್ಣ ವ್ಯವಸ್ಥೆಗಳೆಲ್ಲ ಈ ಮೂರನ್ನೂ ಒಂದೇ ಪ್ರಶ್ನೆಯಾಗಿ ಕಲಸಿಬಿಟ್ಟು, ಪ್ರವೇಶ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರಗಳಲ್ಲಿ ಕೆಲಸ ಮುಗಿಸಿದಂಥವು.

ಮೊದಲು ಬದಿಗಿಡಬೇಕಾದದ್ದು: ಮುಖಪುಟಕ್ಕೆ ಕಳುಹಿಸುವುದು

ಅನುಮತಿ ಇಲ್ಲದವರನ್ನು ಏನೂ ಹೇಳದೆ ಪೋರ್ಟಲ್‌ನ ಮುಖಪುಟಕ್ಕೆ ತಳ್ಳುವುದು ಅತಿ ಸುಲಭವಾದ ವಿಧಾನ, ಮತ್ತು ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಸಮರ್ಥನೆಯೇ ಇಲ್ಲ. ಹಿಂದೆ ನಾನಿದ್ದ ಒಂದು ದಾಖಲೆ ತಂಡದ ಪೋರ್ಟಲ್ ಹೀಗೆಯೇ ನಡೆದುಕೊಳ್ಳುತ್ತಿತ್ತು. ಗ್ರಾಹಕರಿಂದ ‘ಪುಟ ಅಳಿಸಿಹೋಗಿದೆ’, ‘ಕೊಂಡಿ ತಪ್ಪಾಗಿದೆ’ ಎಂಬ ದೂರುಗಳು ಬರುತ್ತಿದ್ದವು; ನಾವು ನಮ್ಮ ಖಾತೆಯಲ್ಲಿ ಅದೇ ಕೊಂಡಿಯನ್ನು ಒತ್ತಿ ನೋಡಿ, ಸರಿಯಾಗಿ ತೆರೆಯುತ್ತಿದೆ ಎಂದು ಬರೆದು ದೂರನ್ನು ಮುಚ್ಚುತ್ತಿದ್ದೆವು. ಎರಡೂ ಕಡೆಯವರು ಹೇಳಿದ್ದು ನಿಜವೇ ಆಗಿತ್ತು. ಸರ್ವರ್‌ನ ದಾಖಲೆಯಲ್ಲೂ ಸುಳಿವಿರಲಿಲ್ಲ, ಏಕೆಂದರೆ ಅಲ್ಲಿ ಕಾಣುತ್ತಿದ್ದದ್ದು ಒಂದು 302 (ಸದ್ಯಕ್ಕೆ ಬೇರೆ ವಿಳಾಸಕ್ಕೆ ಹೋಗಿ ಎಂಬ ಸ್ಥಿತಿ ಸಂಖ್ಯೆ), ಅದರ ಹಿಂದೆಯೇ ಮುಖಪುಟದ ಒಂದು 200 (ಪುಟ ಸರಿಯಾಗಿ ಸಿಕ್ಕಿತು ಎಂಬ ಸಂಖ್ಯೆ). ಇವೆರಡೂ ಎಲ್ಲವೂ ಸರಿಯಾಗಿ ನಡೆದಾಗ ಕಾಣಿಸುವ ಸಂಖ್ಯೆಗಳೇ. ಓದುಗರ ಪಾಲಿಗೆ ಸೋಲಾಗಿದ್ದು ನಮ್ಮ ಲೆಕ್ಕದಲ್ಲಿ ಯಶಸ್ವಿ ಭೇಟಿಯಾಗಿ ಜಮೆಯಾಗುತ್ತಿತ್ತು. ಈ ವಿಧಾನವನ್ನು ಇಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗೋಣ.

ಲಾಗಿನ್‌ಗೆ ಕಳುಹಿಸಿ ಕೇಳಿದ ಪುಟಕ್ಕೇ ಮರಳಿ ತರುವುದು

ಓದುಗರು ಯಾರೆಂದು ಗೊತ್ತಿಲ್ಲದಿರುವಾಗ ಇದೇ ಸರಿಯಾದ ಉತ್ತರ. ಬ್ರೌಸರ್ ಮತ್ತು ಸರ್ವರ್ ಪರಸ್ಪರ ಮಾತಾಡುವ ಎಚ್‌ಟಿಟಿಪಿ ನಿಯಮದ ಪ್ರಕಾರ ಗುರುತು ದೃಢಪಡದವರಿಗೆ ಕೊಡಬೇಕಾದ ಸಂಖ್ಯೆ 401 ಎಂದು ಕೆಲವರು ವಾದಿಸುತ್ತಾರೆ. ಆದರೆ 2022ರ ಜೂನ್‌ನಲ್ಲಿ ಪ್ರಕಟವಾದ, ಆ ನಿಯಮವನ್ನು ವಿವರಿಸುವ ಆರ್‌ಎಫ್‌ಸಿ 9110 ಎಂಬ ಮಾನದಂಡದ ಪ್ರಕಾರ 401ರ ಜೊತೆಗೆ ಡಬ್ಲ್ಯುಡಬ್ಲ್ಯುಡಬ್ಲ್ಯು-ಆಥೆಂಟಿಕೇಟ್ ಎಂಬ ಹೆಡರ್ (ಉತ್ತರದ ಜೊತೆಗೆ ಹೋಗುವ ಸೂಚನಾ ಸಾಲು) ಇರಲೇಬೇಕು, ಮತ್ತು ಅದರಲ್ಲಿ ಬೇಸಿಕ್ ವಿಧಾನವನ್ನು ಸೂಚಿಸಿದರೆ ಬ್ರೌಸರ್ ಪೋರ್ಟಲ್‌ನ ಲಾಗಿನ್ ಪುಟದ ಬದಲು ತನ್ನದೇ ಪುಟ್ಟ ಕಿಟಕಿಯನ್ನು ತೆರೆಯುತ್ತದೆ. ಆದ್ದರಿಂದ ಫಾರ್ಮ್ ಮೂಲಕ ಅಥವಾ ಹೊರಗಿನ ಗುರುತು ಸೇವೆಯ ಮೂಲಕ ಲಾಗಿನ್ ಮಾಡಿಸುವ ಪೋರ್ಟಲ್‌ಗಳು ಪುಟದ ಕೋರಿಕೆಗೆ 302 ಕೊಟ್ಟು ಲಾಗಿನ್ ಪುಟಕ್ಕೆ ಕಳುಹಿಸುವುದು ರೂಢಿಯಾಗಿದೆ.

ಇದು ಪುಟದ ಕೋರಿಕೆಗೆ ಮಾತ್ರ ಹೊಂದುವ ಮಾತು. ಚಿತ್ರ, ಪಿಡಿಎಫ್, ಎಪಿಐ (ತಂತ್ರಾಂಶಗಳು ತಾವೇ ಕಳುಹಿಸುವ) ಕೋರಿಕೆಗಳಿಗೂ ಅದೇ 302 ಕೊಟ್ಟರೆ, ಪಿಡಿಎಫ್ ಹೆಸರಿನಲ್ಲಿ ಇಳಿದ ಕಡತದೊಳಗೆ ಲಾಗಿನ್ ಪುಟದ ಎಚ್‌ಟಿಎಂಎಲ್ ಇರುತ್ತದೆ. ಕರ್ಲ್‌ನಂಥ ಸಾಧನದಿಂದ ಕೈಪಿಡಿಗಳನ್ನು ಇಳಿಸಿಕೊಳ್ಳುವವರು ಈ ಕಡತ ಏಕೆ ತೆರೆಯುತ್ತಿಲ್ಲ ಎಂದು ಗಂಟೆಗಟ್ಟಲೆ ಒದ್ದಾಡುತ್ತಾರೆ. ಇಂದಿನ ಬ್ರೌಸರ್‌ಗಳು ಕಳುಹಿಸುವ ಸೆಕ್-ಫೆಚ್-ಮೋಡ್ ಹೆಡರ್‌ನ ಮೌಲ್ಯ ‘ನ್ಯಾವಿಗೇಟ್’ ಆಗಿದ್ದರೆ ಅದು ಓದುಗರು ಪುಟಕ್ಕೆ ಬರುತ್ತಿರುವ ಕೋರಿಕೆ ಎಂದು ತಿಳಿದು ಲಾಗಿನ್‌ಗೆ ಕಳುಹಿಸಬಹುದು, ಉಳಿದ ಕೋರಿಕೆಗಳಿಗೆ 401 ಅಥವಾ 403 (ಅನುಮತಿ ಇಲ್ಲ) ಎಂದು ನೇರವಾಗಿ ಹೇಳಬಹುದು.

ಮರಳಿ ತರುವ ಭಾಗದಲ್ಲಿಯೇ ಹೆಚ್ಚಿನ ಪೋರ್ಟಲ್‌ಗಳು ಎಡವುತ್ತವೆ. ಓದುಗರು ಕೇಳಿದ ವಿಳಾಸವನ್ನು ಎಲ್ಲಿಯಾದರೂ ನೆನಪಿಟ್ಟುಕೊಳ್ಳಬೇಕು. ಅದನ್ನು ವಿಳಾಸದಲ್ಲಿಯೇ ಒಂದು ಪ್ಯಾರಾಮೀಟರ್ ಆಗಿ ಹೊತ್ತೊಯ್ಯುವುದು ಸಾಮಾನ್ಯ ಕ್ರಮ. ಆದರೆ ಆ ಪ್ಯಾರಾಮೀಟರ್ ಅನ್ನು ಪರೀಕ್ಷಿಸದೆ ನಂಬಿದರೆ, ನಿಮ್ಮ ಪೋರ್ಟಲ್‌ನ ಹೆಸರಿರುವ ಕೊಂಡಿಯ ಮೂಲಕವೇ ಯಾರು ಬೇಕಾದರೂ ಓದುಗರನ್ನು ವಂಚಕ ತಾಣಕ್ಕೆ ಕಳುಹಿಸಬಹುದು. ಭದ್ರತಾ ದೋಷಗಳ ಪಟ್ಟಿಯಲ್ಲಿ ಇದಕ್ಕೆ ಸಿಡಬ್ಲ್ಯುಇ-601 ಎಂಬ ಸಂಖ್ಯೆಯೇ ಇದೆ. ಮೊದಲ ಅಕ್ಷರ ಓರೆಗೆರೆಯೇ ಎಂದು ನೋಡಿದರೆ ಸಾಲದು, ಏಕೆಂದರೆ ಎರಡು ಓರೆಗೆರೆಗಳಿಂದ ಶುರುವಾಗುವ ವಿಳಾಸವನ್ನು ಬ್ರೌಸರ್ ಬೇರೆ ತಾಣವೆಂದೇ ಓದುತ್ತದೆ, ಮತ್ತು ಹಿಮ್ಮುಖ ಓರೆಗೆರೆಯನ್ನೂ ಮುಮ್ಮುಖವೆಂದೇ ಭಾವಿಸುತ್ತದೆ. ವಿಳಾಸವನ್ನು ಸರ್ವರ್‌ನ ಸೆಷನ್‌ನಲ್ಲಿ, ಅಂದರೆ ಈ ಓದುಗರ ಭೇಟಿಯ ಬಗ್ಗೆ ಸರ್ವರ್ ಇಟ್ಟುಕೊಳ್ಳುವ ನೆನಪಿನಲ್ಲಿ, ಇರಿಸಿಕೊಂಡು, ಹೊರಗೆ ಒಂದು ಯಾದೃಚ್ಛಿಕ ಗುರುತನ್ನು ಮಾತ್ರ ಕಳುಹಿಸುವುದು ಇದಕ್ಕಿಂತ ಸುರಕ್ಷಿತ.

ಸೆಷನ್‌ನಲ್ಲಿ ಇರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಹೊರಗಿನ ಗುರುತು ಸೇವೆಯ ಮೂಲಕ ಲಾಗಿನ್ ಮಾಡಿಸಲು ಎಸ್‌ಎಎಂಎಲ್ 2.0 ಎಂಬ ಮಾನದಂಡವನ್ನು ಬಳಸುವ ಪೋರ್ಟಲ್‌ಗಳು ಮರಳುವ ವಿಳಾಸವನ್ನು ರಿಲೇಸ್ಟೇಟ್ ಎಂಬ ಕ್ಷೇತ್ರದಲ್ಲಿ ಕಳುಹಿಸುತ್ತವೆ. 2005ರ ಆ ಮಾನದಂಡ ಅದರ ಮಿತಿಯನ್ನು 80 ಬೈಟ್ ಎಂದು ನಿಗದಿಪಡಿಸಿದೆ. ಕೆಲವು ಗುರುತು ಸೇವೆಗಳು ಇದಕ್ಕಿಂತ ಉದ್ದದ್ದನ್ನೂ ಸ್ವೀಕರಿಸುತ್ತವೆ, ಆದರೆ ಎಲ್ಲವೂ ಸ್ವೀಕರಿಸುತ್ತವೆ ಎಂದು ನಂಬಿ ಕೂರುವಂತಿಲ್ಲ. ವಿಳಾಸದಲ್ಲಿ ಪುಟದ ಶೀರ್ಷಿಕೆ ಕನ್ನಡ ಲಿಪಿಯಲ್ಲಿದ್ದರಂತೂ ಸಮಸ್ಯೆ ಬೇಗನೆ ಎದುರಾಗುತ್ತದೆ: ಕನ್ನಡದ ಒಂದೊಂದು ಸಂಕೇತಬಿಂದುವೂ ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲಿ 3 ಬೈಟ್, ವಿಳಾಸಕ್ಕೆ ಬೇಕಾದ ಶೇಕಡಾ ಚಿಹ್ನೆಯ ರೂಪಕ್ಕೆ ಬಂದಾಗ 9 ಅಕ್ಷರ. ಗುಣಿತ, ಒತ್ತಕ್ಷರಗಳನ್ನೆಲ್ಲ ಬೇರೆಬೇರೆಯಾಗಿ ಎಣಿಸಬೇಕಾದ ಈ ಲೆಕ್ಕದಲ್ಲಿ ಮೂರು ನಾಲ್ಕು ಅಕ್ಷರಗಳ ಎರಡು ಪದಗಳಿಗೇ 80 ಬೈಟ್ ಮುಗಿದುಹೋಗುತ್ತದೆ.

ಪುಟದೊಳಗಿನ ಒಂದು ವಿಭಾಗಕ್ಕೆ ಕೊಟ್ಟ ಕೊಂಡಿಯ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ವಿಳಾಸದಲ್ಲಿ ಹ್ಯಾಶ್ ಚಿಹ್ನೆಯ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದೇ ಇಲ್ಲ. ಮರುನಿರ್ದೇಶನದ ಹೊಸ ವಿಳಾಸದಲ್ಲಿ ಅಂಥ ಭಾಗ ಇಲ್ಲದಿದ್ದರೆ ಬ್ರೌಸರ್ ಹಳೆಯದನ್ನೇ ಮುಂದುವರಿಸುತ್ತದೆ, ಹಾಗಾಗಿ ಲಾಗಿನ್ ಪುಟದವರೆಗೂ ಅದು ಉಳಿದಿರುತ್ತದೆ. ಆದರೆ ಲಾಗಿನ್ ಫಾರ್ಮ್ ಸಲ್ಲಿಕೆಯಾದ ಕ್ಷಣದಲ್ಲಿ ಕಳೆದುಹೋಗುತ್ತದೆ. ಇನ್ನೂರು ಪ್ಯಾರಾಗಳ ಕೈಪಿಡಿಯಲ್ಲಿ ಒಂದು ಎಚ್ಚರಿಕೆಯ ಸಾಲಿಗೆ ಕೊಂಡಿ ಕೊಟ್ಟಿದ್ದರೆ, ಓದುಗರು ಪುಟದ ನೆತ್ತಿಯ ಮೇಲೆ ನಿಂತು ಆ ಸಾಲನ್ನು ತಾವೇ ಹುಡುಕಬೇಕಾಗುತ್ತದೆ. ಲಾಗಿನ್ ಪುಟ ಪೋರ್ಟಲ್‌ನದೇ ಆಗಿದ್ದರೆ ಅಲ್ಲಿನ ಒಂದು ಚಿಕ್ಕ ಸ್ಕ್ರಿಪ್ಟ್ ಆ ಭಾಗವನ್ನು ಉಳಿಸಿಕೊಳ್ಳಬಲ್ಲದು. ಹೊರಗಿನ ಗುರುತು ಸೇವೆಗೆ ನೇರವಾಗಿ ಕಳುಹಿಸುವ ಪೋರ್ಟಲ್‌ಗೆ ಆ ಅವಕಾಶವೂ ಇಲ್ಲ. ನಡುವೆ ತನ್ನದೇ ಒಂದು ಪುಟವನ್ನು ಇರಿಸಿಕೊಳ್ಳದೆ ಅದಕ್ಕೆ ಬೇರೆ ದಾರಿಯಿಲ್ಲ.

ಲಾಗಿನ್ ಆಗಿರುವವರನ್ನೂ ಮತ್ತೆ ಲಾಗಿನ್ ಕೇಳುವ ಪೋರ್ಟಲ್‌ಗಳಿವೆ, ಅದೂ ಮಿಂಚಂಚೆಯಿಂದಲೋ ದೂರಿನ ವ್ಯವಸ್ಥೆಯಿಂದಲೋ ಬಂದಾಗ ಮಾತ್ರ. ಲಾಗಿನ್ ಆದವರನ್ನು ಗುರುತಿಸಲು ಬ್ರೌಸರ್‌ನಲ್ಲಿ ಇರಿಸುವ ಸೆಷನ್ ಕುಕೀಗೆ ಸೇಮ್‌ಸೈಟ್ ಮೌಲ್ಯವನ್ನು ‘ಸ್ಟ್ರಿಕ್ಟ್’ ಎಂದು ಇರಿಸಿದ್ದು ಸಾಮಾನ್ಯವಾಗಿ ಇದರ ಕಾರಣ: ಬೇರೆ ತಾಣದಿಂದ ಒತ್ತಿದ ಕೊಂಡಿಯ ಕೋರಿಕೆಯೊಂದಿಗೆ ಆ ಕುಕೀ ಬರುವುದಿಲ್ಲ, ಹಾಗಾಗಿ ಪೋರ್ಟಲ್ ತನ್ನದೇ ಓದುಗರನ್ನು ಅಪರಿಚಿತರೆಂದು ಭಾವಿಸುತ್ತದೆ. ಮೌಲ್ಯ ‘ಲ್ಯಾಕ್ಸ್’ ಆಗಿದ್ದರೆ ಕೊಂಡಿ ಒತ್ತಿ ಬರುವ ಕೋರಿಕೆಗೆ ಕುಕೀ ಸಿಗುತ್ತದೆ. ಓದುವುದೇ ಮುಖ್ಯವಾದ ಪೋರ್ಟಲ್‌ಗೆ ಲ್ಯಾಕ್ಸ್ ಸಾಕು.

ಈ ವಿಧಾನದ ಗಡಿ ಸ್ಪಷ್ಟವಾಗಿದೆ. ಲಾಗಿನ್ ಆದ ಮೇಲೂ ಹಕ್ಕಿಲ್ಲ ಎಂದು ತಿಳಿದಾಗ ಮತ್ತೆ ಲಾಗಿನ್‌ಗೆ ಕಳುಹಿಸಿದರೆ ಕೋರಿಕೆ ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಬ್ರೌಸರ್‌ಗಳು ಪಾಲಿಸುವ ಫೆಚ್ ಮಾನದಂಡ 20 ಮರುನಿರ್ದೇಶನಗಳ ನಂತರ ಅದನ್ನು ತಡೆಯುತ್ತದೆ, ಮತ್ತು ಓದುಗರಿಗೆ ಕಾಣುವುದು ಪೋರ್ಟಲ್‌ನ ಮಾತಲ್ಲ, ಬ್ರೌಸರ್‌ನ ದೋಷ ಸಂದೇಶ. ಗುರುತಿನ ಪ್ರಶ್ನೆ ಮುಗಿದ ಮೇಲೆ ಹಕ್ಕಿನ ಪ್ರಶ್ನೆಗೆ ಬೇರೆಯೇ ಉತ್ತರ ಬೇಕು.

ನಿರಾಕರಣೆಯನ್ನು ಹೇಳುವುದೋ, ಪುಟವೇ ಇಲ್ಲ ಎನ್ನುವುದೋ

ಇಲ್ಲಿ ಎರಡು ದಾರಿಗಳಿವೆ. 403 ಕೊಟ್ಟು, ಪುಟ ಇದೆ ಆದರೆ ನಿಮಗೆ ಅನುಮತಿ ಇಲ್ಲ ಎಂದು ಹೇಳಬಹುದು. ಅಥವಾ 404 ಕೊಟ್ಟು ಪುಟದ ಇರುವಿಕೆಯನ್ನೇ ಮರೆಮಾಚಬಹುದು. ಎರಡನೆಯದು ನಿಯಮಬಾಹಿರವಲ್ಲ. ಆರ್‌ಎಫ್‌ಸಿ 9110 ತನ್ನ 403ರ ವಿವರಣೆಯಲ್ಲಿಯೇ, ಇರುವಿಕೆಯನ್ನು ಮುಚ್ಚಿಡಬಯಸುವ ಸರ್ವರ್ 404 ಕೊಡಬಹುದು ಎಂದು ಒಪ್ಪುತ್ತದೆ, ಮತ್ತು ಗಿಟ್‌ಹಬ್ ತನ್ನ ಖಾಸಗಿ ರೆಪಾಸಿಟರಿಗಳ ವಿಷಯದಲ್ಲಿ ಇದನ್ನೇ ಪಾಲಿಸುತ್ತದೆ.

ಓದುಗರ ಕಡೆಯಿಂದ ನೋಡಿದರೆ 403 ಎಷ್ಟೋ ಮೇಲು. ಒಳ್ಳೆಯ ನಿರಾಕರಣೆ ಪುಟ ಮೊದಲಿಗೆ, ಓದುಗರು ಈಗ ಯಾವ ಖಾತೆಯಲ್ಲಿ ಲಾಗಿನ್ ಆಗಿದ್ದಾರೆ ಎಂಬುದನ್ನು ತೋರಿಸುತ್ತದೆ; ನನ್ನ ಅನುಭವದಲ್ಲಿ ‘ಅನುಮತಿ ಇಲ್ಲ’ ಎಂಬ ದೂರುಗಳಲ್ಲಿ ಅನೇಕವು ತಪ್ಪು ಖಾತೆಯಲ್ಲಿ ಬಂದವರದೇ ಆಗಿದ್ದವು, ಮತ್ತು ಆ ಒಂದು ಸಾಲನ್ನು ಸೇರಿಸಿದ ಮೇಲೆ ಅವರು ಯಾರನ್ನೂ ಕೇಳದೆ ಖಾತೆ ಬದಲಿಸಿಕೊಂಡು ಮುಂದುವರಿದರು. ಎರಡನೆಯದಾಗಿ, ಆ ಪುಟ ಯಾವ ಪರವಾನಗಿಗೆ ಅಥವಾ ಯಾವ ತಂಡಕ್ಕೆ ಸೇರಿದ್ದು, ಅನುಮತಿಯನ್ನು ಯಾರಲ್ಲಿ ಕೇಳಬೇಕು ಎಂಬುದನ್ನು ಹೇಳುತ್ತದೆ. ಗೂಗಲ್ ಡಾಕ್ಸ್, ಶೇರ್‌ಪಾಯಿಂಟ್‌ಗಳಲ್ಲಿರುವ ‘ಅನುಮತಿ ಕೋರಿ’ ಎಂಬ ಗುಂಡಿ ಈ ಕೆಲಸವನ್ನು ಒಂದೇ ಹೆಜ್ಜೆಗೆ ಇಳಿಸುತ್ತದೆ. ಆ ಗುಂಡಿ ಒತ್ತಿದ ಕೋರಿಕೆ ಯಾರ ಅಂಚೆಪೆಟ್ಟಿಗೆಗೆ ಹೋಗುತ್ತದೆ, ಅವರು ಇನ್ನೂ ಆ ಸಂಸ್ಥೆಯಲ್ಲಿದ್ದಾರೆಯೇ ಎಂಬುದನ್ನು ಮಾತ್ರ ಪೋರ್ಟಲ್ ನಡೆಸುವವರು ಆಗಾಗ ನೋಡಿಕೊಳ್ಳಬೇಕು.

ಅನುಮತಿ ಸಿಕ್ಕ ಮೇಲೂ ನಿರಾಕರಣೆಯೇ ಕಾಣುವುದುಂಟು. ಓದುಗರು ಯಾವ ಗುಂಪಿಗೆ ಸೇರಿದವರು ಎಂಬ ಮಾಹಿತಿಯನ್ನು ಹಲವು ಪೋರ್ಟಲ್‌ಗಳು ಲಾಗಿನ್ ಸಮಯದಲ್ಲಿ ಟೋಕನ್ ಎಂಬ ಡಿಜಿಟಲ್ ಗುರುತುಚೀಟಿಯೊಳಗೆ ಬರೆದುಕೊಂಡು, ಅದರ ಅವಧಿ ಮುಗಿಯುವವರೆಗೂ ಅದನ್ನೇ ನಂಬುತ್ತವೆ. ಅಂಥ ಕಡೆ ನಿರಾಕರಣೆ ಪುಟದಲ್ಲಿ ‘ಈಗಷ್ಟೇ ಅನುಮತಿ ಸಿಕ್ಕಿದ್ದರೆ ಇಲ್ಲಿ ಒತ್ತಿ’ ಎಂಬ ಕೊಂಡಿಯೊಂದನ್ನು ಇರಿಸಿ, ಅದನ್ನು ಒತ್ತಿದಾಗ ಟೋಕನ್ ಅನ್ನು ಹೊಸದಾಗಿ ಪಡೆಯುವಂತೆ ಮಾಡುವುದು ಅರ್ಧ ದಿನದ ಕೆಲಸ. ಅದರಿಂದ ಉಳಿಯುವ ಪತ್ರವ್ಯವಹಾರ ಬಹಳ.

404ಅನ್ನು ಆರಿಸಬೇಕಾದದ್ದು ಪುಟ ಇದೆ ಎಂಬ ಸುದ್ದಿಯೇ ಹಾನಿಕರವಾದಾಗ: ಇನ್ನೂ ಘೋಷಣೆಯಾಗದ ಉತ್ಪನ್ನದ ಕೈಪಿಡಿ, ಸರಿಪಡಿಸದ ಭದ್ರತಾ ದೋಷದ ಟಿಪ್ಪಣಿ, ಒಬ್ಬ ಗ್ರಾಹಕರಿಗೆಂದೇ ಬರೆದ ಸೂಚನೆಗಳು. ಆದರೆ ಅಡಗಿಸಬೇಕೆಂದು ನಿರ್ಧರಿಸಿದರೆ ಎಲ್ಲ ಕಡೆಯೂ ಅಡಗಿಸಬೇಕು. ಹುಡುಕಾಟದ ಸಲಹೆಗಳಲ್ಲಿ, ಸಂಬಂಧಿತ ಪುಟಗಳ ಪಟ್ಟಿಯಲ್ಲಿ, ಹುಡುಕಾಟ ಯಂತ್ರಗಳಿಗೆ ಪುಟಗಳ ಪಟ್ಟಿ ಕೊಡುವ ಸೈಟ್‌ಮ್ಯಾಪ್ ಕಡತದಲ್ಲಿ ಅದೇ ಶೀರ್ಷಿಕೆ ಇಣುಕಿದರೆ 404 ಕೊಟ್ಟೂ ಪ್ರಯೋಜನವಿಲ್ಲ. ವಿಳಾಸದಲ್ಲಿಯೇ ಶೀರ್ಷಿಕೆಯ ಪದಗಳಿದ್ದರೆ ಗುಟ್ಟು ಕೊಂಡಿಯ ಜೊತೆಗೇ ಪ್ರಯಾಣ ಮಾಡುತ್ತದೆ. ಲಾಗಿನ್ ಆಗದವರ ವಿಷಯದಲ್ಲಿ ಇನ್ನೊಂದು ಬಿರುಕಿದೆ: ನಿರ್ಬಂಧಿತ ಪುಟಕ್ಕೆ ಲಾಗಿನ್ ಪುಟವನ್ನೂ ಇಲ್ಲದ ಪುಟಕ್ಕೆ 404ಅನ್ನೂ ತೋರಿಸುವ ಪೋರ್ಟಲ್, ತಿಳಿಯದೆಯೇ ಯಾವ ಪುಟ ಇದೆ ಯಾವುದು ಇಲ್ಲ ಎಂಬುದನ್ನು ಜಗತ್ತಿಗೆಲ್ಲ ಹೇಳಿಬಿಡುತ್ತದೆ. ನಿರ್ಬಂಧಿತ ಪುಟಗಳನ್ನೆಲ್ಲ ಒಂದು ವಿಳಾಸ ಶಾಖೆಯ ಕೆಳಗೆ ತಂದು, ಆ ಶಾಖೆಯಲ್ಲಿ ಏನನ್ನೇ ಕೇಳಿದರೂ, ಪುಟ ಇರಲಿ ಬಿಡಲಿ, ಮೊದಲು ಲಾಗಿನ್‌ಗೆ ಕಳುಹಿಸುವುದು ಇದಕ್ಕೆ ಸರಳವಾದ ಪರಿಹಾರ.

ಲಾಗಿನ್ ಆದವರಿಗೆ ತೋರಿಸುವ 404 ಪುಟದ ಮಾತುಗಳನ್ನು ಎಚ್ಚರದಿಂದ ಬರೆಯಬೇಕು. ‘ಈ ಪುಟ ಅಸ್ತಿತ್ವದಲ್ಲಿಲ್ಲ’ ಎಂದು ಬರೆದರೆ ಇರುವ ಪುಟದ ವಿಷಯದಲ್ಲಿ ಅದು ಸುಳ್ಳು. ‘ಈ ವಿಳಾಸದಲ್ಲಿ ಪುಟವಿಲ್ಲ, ಅಥವಾ ನಿಮ್ಮ ಈಗಿನ ಖಾತೆಗೆ ಅದು ಕಾಣುವುದಿಲ್ಲ’ ಎಂದು ಎರಡೂ ಸಂದರ್ಭಗಳಲ್ಲಿ ಒಂದೇ ವಾಕ್ಯವನ್ನು ಬರೆದರೆ ಗುಟ್ಟೂ ಉಳಿಯುತ್ತದೆ, ಸುಳ್ಳೂ ಆಗುವುದಿಲ್ಲ, ಓದುಗರಿಗೆ ಖಾತೆಯನ್ನು ಪರಿಶೀಲಿಸುವ ದಾರಿಯೂ ಸಿಗುತ್ತದೆ.

ಅನುಮತಿ ಇರುವ ಹತ್ತಿರದ ಪ್ರತಿಗೆ ಕಳುಹಿಸುವುದು

ಒಂದೇ ವಿಷಯಕ್ಕೆ ಹಲವು ಪ್ರತಿಗಳಿರುವ ಪೋರ್ಟಲ್‌ಗಳಲ್ಲಿ ಇದು ಅತ್ಯಂತ ಆಕರ್ಷಕವಾದ, ಅಷ್ಟೇ ಅಪಾಯಕಾರಿಯಾದ ಆಯ್ಕೆ. ಸಾರ್ವಜನಿಕರಿಗೆ ಸಂಕ್ಷಿಪ್ತ ಪುಟ, ಗ್ರಾಹಕರಿಗೆ ಪೂರ್ಣ ಪುಟ, ಒಳಗಿನವರಿಗೆ ಟಿಪ್ಪಣಿಗಳಿರುವ ಪುಟ. ಅಥವಾ ಆವೃತ್ತಿ 3, 4, 5ಕ್ಕೆ ಒಂದೊಂದು ಪುಟ. ಕೊಂಡಿ ಇವುಗಳಲ್ಲಿ ಒಂದು ನಿರ್ದಿಷ್ಟ ಪುಟಕ್ಕೆ ಬೆರಳು ತೋರದೆ ವಿಷಯದ ಸ್ಥಿರ ಗುರುತಿಗೆ ಬೆರಳು ತೋರುತ್ತದೆ, ಮತ್ತು ಓದುಗರ ಹಕ್ಕಿಗೆ ತಕ್ಕ ಪ್ರತಿಯನ್ನು ಪೋರ್ಟಲ್ ಒತ್ತಿದ ಕ್ಷಣದಲ್ಲಿ ಆರಿಸುತ್ತದೆ.

ಈ ಸಮಸ್ಯೆಯನ್ನು ಗ್ರಂಥಾಲಯಗಳು ಬಹಳ ಹಿಂದೆಯೇ ಎದುರಿಸಿದ್ದವು. ಒಂದೇ ಸಂಶೋಧನಾ ಲೇಖನ ಹಲವು ದತ್ತಸಂಚಯಗಳಲ್ಲಿ ಇರುವಾಗ, ಈ ಓದುಗರ ಗ್ರಂಥಾಲಯ ಚಂದಾ ಕೊಟ್ಟಿರುವ ಪ್ರತಿ ಯಾವುದು ಎಂಬುದನ್ನು ಕೊಂಡಿ ಹೇಗೆ ತಿಳಿಯಬೇಕು? 1990ರ ದಶಕದ ಕೊನೆಯಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ವಾನ್ ಡಿ ಸೊಂಪೆಲ್ ಮತ್ತು ಸಂಗಡಿಗರು ಇದಕ್ಕಾಗಿ ಎಸ್‌ಎಫ್‌ಎಕ್ಸ್ ಎಂಬ ಕೊಂಡಿ ಪರಿಹಾರಕವನ್ನು ರೂಪಿಸಿದರು, ಮತ್ತು ಆ ಕೆಲಸದಿಂದ ಬೆಳೆದ ಓಪನ್‌ಯುಆರ್‌ಎಲ್ ಮುಂದೆ ಝಡ್39.88-2004 ಎಂಬ ಅಮೆರಿಕದ ರಾಷ್ಟ್ರೀಯ ಮಾನದಂಡವಾಯಿತು. ಕೊಂಡಿಯಲ್ಲಿ ಬೇಕಾದದ್ದು ಯಾವುದು ಎಂಬ ವಿವರಣೆ ಮಾತ್ರ ಇರಲಿ, ಎಲ್ಲಿಗೆ ಎಂಬುದನ್ನು ಓದುಗರ ಹಕ್ಕು ನಿರ್ಧರಿಸಲಿ ಎಂಬ ಆ ತತ್ವವನ್ನೇ ಇಂದಿನ ದಾಖಲೆ ಪೋರ್ಟಲ್‌ಗಳೂ ಬಳಸುತ್ತಿವೆ.

ಅಪಾಯ ಇರುವುದು ಆಯ್ಕೆ ಮೌನವಾಗಿ ನಡೆದಾಗ. ಸಹೋದ್ಯೋಗಿ ಆವೃತ್ತಿ 5ರ ಬ್ಯಾಕಪ್ ಕ್ರಮದ ಕೊಂಡಿಯನ್ನು ಕಳುಹಿಸಿದ್ದಾರೆ, ಓದುಗರಿಗೆ ಆವೃತ್ತಿ 3ರ ಹಕ್ಕು ಮಾತ್ರ ಇದೆ, ಪೋರ್ಟಲ್ ಅವರನ್ನು ಆವೃತ್ತಿ 3ರ ಪುಟಕ್ಕೆ ತಂದಿದೆ ಎಂದುಕೊಳ್ಳಿ. ಶೀರ್ಷಿಕೆ ಒಂದೇ, ವಿನ್ಯಾಸ ಒಂದೇ, ಒಳಗಿನ ಆದೇಶಗಳು ಬೇರೆ. ಕೊಂಡಿ ಮುರಿದಿದ್ದರೆ ಓದುಗರು ಅಲ್ಲಿಯೇ ನಿಂತು ವಿಚಾರಿಸುತ್ತಿದ್ದರು. ಈಗ ತಪ್ಪು ಆದೇಶವನ್ನು ಸರಿಯೆಂದು ನಂಬಿ ಚಲಾಯಿಸುತ್ತಾರೆ. ಆದ್ದರಿಂದ ಈ ವಿಧಾನವನ್ನು ಬಳಸುವ ಪೋರ್ಟಲ್, ಪುಟದ ಮೇಲ್ಭಾಗದಲ್ಲಿ ‘ನೀವು ಕೇಳಿದ್ದು ಆವೃತ್ತಿ 5, ತೋರಿಸುತ್ತಿರುವುದು ಆವೃತ್ತಿ 3’ ಎಂಬ ಪಟ್ಟಿಯನ್ನು ಕಡ್ಡಾಯವಾಗಿ ತೋರಿಸಬೇಕು ಎಂಬುದರಲ್ಲಿ ನನಗೆ ರಾಜಿಯಿಲ್ಲ. ಸಮಾನವಾದ ಪ್ರತಿಯೇ ಇಲ್ಲದಿದ್ದಾಗ ಮೇಲಿನ ಅಧ್ಯಾಯದ ಪುಟಕ್ಕೆ ಕಳುಹಿಸುವ ಪೋರ್ಟಲ್‌ಗಳೂ ಇವೆ. ಅದು ಮುಖಪುಟಕ್ಕೆ ಕಳುಹಿಸುವುದಕ್ಕಿಂತ ಸ್ವಲ್ಪ ವಾಸಿ, ಅಷ್ಟೇ.

ಲಾಗಿನ್ ಆಗದವರ ವಿಷಯದಲ್ಲಿ ಕ್ರಮದ ತೊಡಕೊಂದಿದೆ. ಪ್ರತಿಯನ್ನು ಮೊದಲೇ ಆರಿಸಿದರೆ, ಪೂರ್ಣ ಪುಟದ ಹಕ್ಕಿದ್ದೂ ಲಾಗಿನ್ ಆಗಿರದ ಗ್ರಾಹಕರಿಗೆ ಸಂಕ್ಷಿಪ್ತ ಪುಟ ಸಿಗುತ್ತದೆ, ಮತ್ತು ಅದಕ್ಕಿಂತ ಹೆಚ್ಚಿನದು ಇದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ. ಲಾಗಿನ್ ಅನ್ನು ಮೊದಲು ಕೇಳಿದರೆ, ಸಾರ್ವಜನಿಕ ಪುಟ ಸಾಕಾಗಿದ್ದವರನ್ನೂ ಬಾಗಿಲಲ್ಲಿ ತಡೆದಂತಾಗುತ್ತದೆ. ಸಾರ್ವಜನಿಕ ಪುಟವನ್ನು ತೋರಿಸಿ, ‘ಲಾಗಿನ್ ಆದರೆ ಪೂರ್ಣ ಪುಟ ತೆರೆಯಬಹುದು’ ಎಂಬ ಸಾಲನ್ನು ಅದರ ಮೇಲೆ ಇರಿಸುವುದು ನಾನು ಕಂಡ ಉತ್ತಮ ಮಧ್ಯಮಾರ್ಗ.

ಹಂಚಿಕೊಳ್ಳುವ ವಿಳಾಸದ ಬಗ್ಗೆಯೂ ಯೋಚಿಸಬೇಕು. ಮರುನಿರ್ದೇಶನದ ನಂತರ ವಿಳಾಸಪಟ್ಟಿಯಲ್ಲಿ ಕಾಣುವುದು ಓದುಗರ ಸ್ವಂತ ಪ್ರತಿಯ ವಿಳಾಸ. ಅದನ್ನೇ ನಕಲಿಸಿ ಇನ್ನೊಬ್ಬರಿಗೆ ಕಳುಹಿಸಿದರೆ ಪರಿಹಾರಕದ ಉಪಯೋಗವೆಲ್ಲ ವ್ಯರ್ಥವಾಗುತ್ತದೆ. ಪುಟದಲ್ಲಿರುವ ‘ಕೊಂಡಿ ನಕಲಿಸಿ’ ಗುಂಡಿ ಸ್ಥಿರ ಗುರುತಿನ ವಿಳಾಸವನ್ನೇ ಕೊಡುವಂತಿರಬೇಕು.

ಕೊಂಡಿಯನ್ನೇ ತೋರಿಸದಿರುವುದು

ಒತ್ತಿದ ಮೇಲೆ ತಡೆಯುವ ಬದಲು, ಹಕ್ಕಿಲ್ಲದವರಿಗೆ ಕೊಂಡಿಯೇ ಕಾಣದಂತೆ ಮಾಡುವ ಎರಡು ಬಗೆಗಳಿವೆ. ಒಂದು, ಪ್ರಕಟಣೆಯ ಸಮಯದಲ್ಲಿ ಓದುಗ ವರ್ಗಕ್ಕೊಂದರಂತೆ ಪ್ರತ್ಯೇಕ ತಾಣವನ್ನು ತಯಾರಿಸುವುದು. ತಾಂತ್ರಿಕ ದಾಖಲೆಗಳನ್ನು ವಿಷಯವಾರು ಬಿಡಿ ಕಡತಗಳಾಗಿಸುವ ಡಿಟಾ ಮಾದರಿಯಲ್ಲಿ ಬರೆಯುವ ತಂಡಗಳಿಗೆ ಇದು ಸಹಜವಾಗಿ ಒದಗುತ್ತದೆ: 2010ರ ಡಿಟಾ 1.2ರಿಂದ ಕೊಂಡಿಯನ್ನು ಕಡತದ ಹೆಸರಿಗೆ ಕಟ್ಟುವ ಬದಲು ಒಂದು ಕೀಲಿಪದಕ್ಕೆ ಕಟ್ಟಬಹುದು, ಮತ್ತು ಆ ಪದ ಯಾವ ಪುಟವನ್ನು ಸೂಚಿಸುತ್ತದೆ ಎಂಬುದನ್ನು ಪ್ರತಿಯೊಂದು ತಾಣದ ನಕ್ಷೆ ಬೇರೆಯಾಗಿ ಹೇಳಬಹುದು. ಸಾರ್ವಜನಿಕ ತಾಣದಲ್ಲಿ ಒಳಗಿನ ಪುಟದ ಕುರುಹೇ ಇರುವುದಿಲ್ಲವಾದ್ದರಿಂದ ಸೋರುವುದಕ್ಕೂ ಏನೂ ಇರುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಇದಕ್ಕಿಂತ ಗಟ್ಟಿಯಾದದ್ದು ಬೇರೆಯಿಲ್ಲ. ಓದುಗ ವರ್ಗಗಳು ಮೂರು ನಾಲ್ಕು ಇರುವವರೆಗೆ ಇದು ಸಲೀಸು. ಪ್ರತಿಯೊಬ್ಬ ಗ್ರಾಹಕರ ಪರವಾನಗಿಯೂ ಬೇರೆಯಾದಾಗ ತಾಣಗಳ ಸಂಖ್ಯೆ ಕೈಮೀರುತ್ತದೆ.

ಇನ್ನೊಂದು, ಪುಟವನ್ನು ತೋರಿಸುವ ಕ್ಷಣದಲ್ಲಿ ಪ್ರತಿ ಕೊಂಡಿಯ ಹಕ್ಕನ್ನು ಪರೀಕ್ಷಿಸಿ, ಇಲ್ಲದ್ದನ್ನು ಬರಿಯ ಪಠ್ಯವಾಗಿಸುವುದು. ಅರವತ್ತು ಕೊಂಡಿಗಳಿರುವ ಪುಟಕ್ಕೆ ಅರವತ್ತು ಪರೀಕ್ಷೆಗಳು ಬೇಕಾಗುತ್ತವೆ, ಮತ್ತು ಪುಟ ವ್ಯಕ್ತಿಗೊಂದು ಬಗೆಯಾಗುವುದರಿಂದ ಅದನ್ನು ಹಂಚಿಕೆಯ ಕ್ಯಾಶ್‌ನಲ್ಲಿ, ಅಂದರೆ ಮತ್ತೆ ಬೇಗ ಕೊಡಲೆಂದು ಉತ್ತರದ ಪ್ರತಿಯನ್ನು ಕೂಡಿಡುವ ಜಾಗದಲ್ಲಿ, ಇಡಲಾಗುವುದಿಲ್ಲ. ವ್ಯಕ್ತಿಯ ಬದಲು ಗುಂಪಿನ ಮಟ್ಟದಲ್ಲಿ ನಿರ್ಧರಿಸಿದರೆ ಎರಡೂ ತೊಂದರೆಗಳು ಬಹಳ ಕಡಿಮೆಯಾಗುತ್ತವೆ. ಬರಹದ ತೊಂದರೆ ಮಾತ್ರ ಉಳಿಯುತ್ತದೆ: ‘ವಿವರಗಳನ್ನು ಈ ಪುಟದಲ್ಲಿ ನೋಡಿ’ ಎಂಬ ವಾಕ್ಯದಿಂದ ಕೊಂಡಿಯನ್ನು ಕಿತ್ತರೆ ಆ ವಾಕ್ಯ ಓದುಗರನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. ಗುಟ್ಟಿನ ವಿಷಯವಲ್ಲದಿದ್ದರೆ ಕೊಂಡಿಯನ್ನು ಉಳಿಸಿ, ಪಕ್ಕದಲ್ಲಿ ಬೀಗದ ಚಿಹ್ನೆಯನ್ನು ತೋರಿಸಿ, ಒತ್ತಿದವರಿಗೆ 403 ಪುಟವನ್ನು ಕೊಡುವುದೇ ಪ್ರಾಮಾಣಿಕವಾದ ಕ್ರಮ. ಬ್ರೌಸರ್‌ನಲ್ಲಿ ನಡೆಯುವ ಸ್ಕ್ರಿಪ್ಟ್‌ನಿಂದ ಮಾತ್ರ ಕೊಂಡಿಯನ್ನು ಅಡಗಿಸಿ ಸರ್ವರ್‌ನಲ್ಲಿ ಪರೀಕ್ಷೆಯನ್ನೇ ಮಾಡದ ವ್ಯವಸ್ಥೆಗಳೂ ಇವೆ. ಅವು ಯಾವುದನ್ನೂ ಕಾಪಾಡುವುದಿಲ್ಲ.

ಸಂಖ್ಯೆಯ ಆಯ್ಕೆ ಮತ್ತು ಕ್ಯಾಶ್‌ನ ನೆನಪು

ಮೇಲಿನ ಯಾವ ವಿಧಾನವನ್ನು ಆರಿಸಿದರೂ, ಅನುಮತಿಯ ಕಾರಣಕ್ಕಾಗಿ ಮಾಡುವ ಮರುನಿರ್ದೇಶನಕ್ಕೆ 301 ಅಥವಾ 308 ಬಳಸಲೇಬಾರದು. ಇವೆರಡೂ ಶಾಶ್ವತ ಸ್ಥಳಾಂತರದ ಸಂಖ್ಯೆಗಳು, ಮತ್ತು ಬೇರೆ ಸೂಚನೆ ಇಲ್ಲದಿದ್ದರೆ ಬ್ರೌಸರ್ ಇವನ್ನು ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಳ್ಳಬಹುದು. ಹಾಗೆ ಇಟ್ಟುಕೊಂಡ ಮೇಲೆ ಓದುಗರಿಗೆ ಅನುಮತಿ ಸಿಕ್ಕರೂ ಅವರ ಬ್ರೌಸರ್ ಸರ್ವರ್ ಅನ್ನು ಕೇಳುವುದೇ ಇಲ್ಲ. ಹಳೆಯ ನಿರಾಕರಣೆ ಪುಟಕ್ಕೇ ತಾನಾಗಿ ಹೋಗುತ್ತದೆ. ನಮ್ಮ ತಂಡದಲ್ಲಿ ಒಮ್ಮೆ ಹೀಗಾದಾಗ ಸರ್ವರ್‌ನಲ್ಲಿ ಏನನ್ನು ಸರಿಪಡಿಸಿದರೂ ಫಲ ಕಾಣಲಿಲ್ಲ, ಏಕೆಂದರೆ ತಪ್ಪು ಓದುಗರ ಯಂತ್ರಗಳಲ್ಲಿ ಉಳಿದುಬಿಟ್ಟಿತ್ತು. ಕೊನೆಗೆ ಪುಟದ ವಿಳಾಸವನ್ನೇ ಬದಲಿಸಬೇಕಾಯಿತು. 302, 303, 307ಗಳಿಗೆ ಈ ಗುಣವಿಲ್ಲ. ಲಾಗಿನ್‌ಗೆ ಕಳುಹಿಸಲು 302, ಫಾರ್ಮ್ ಸಲ್ಲಿಕೆಯ ನಂತರ ಪುಟಕ್ಕೆ ಮರಳಿಸಲು 303 ಹೊಂದುತ್ತದೆ.

ಅಷ್ಟಾಗಿ ಯಾರೂ ಗಮನಿಸದ ಸಂಗತಿಯೊಂದಿದೆ: 403ಅನ್ನು ಸೂಚನೆಯಿಲ್ಲದೆ ಕ್ಯಾಶ್ ಮಾಡುವಂತಿಲ್ಲ, ಆದರೆ 404ಅನ್ನು ಮಾಡಬಹುದು. ಮರೆಮಾಚಲು 404 ಕೊಡುವ ಪೋರ್ಟಲ್, ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ‘ನೋ-ಸ್ಟೋರ್’ ಎಂದು ಬರೆಯದಿದ್ದರೆ, ಒಬ್ಬ ಓದುಗರಿಗೆ ಕೊಟ್ಟ ‘ಇಲ್ಲ’ ಎಂಬ ಉತ್ತರ ನಡುವಿನ ಕ್ಯಾಶ್‌ನಿಂದ ಹಕ್ಕಿರುವ ಇನ್ನೊಬ್ಬರಿಗೂ ತಲುಪಬಹುದು. ಅನುಮತಿಗೆ ತಕ್ಕಂತೆ ಬದಲಾಗುವ ಎಲ್ಲ ಉತ್ತರಗಳಿಗೂ, ಮರುನಿರ್ದೇಶನವೂ ಸೇರಿ, ಆ ಹೆಡರ್ ಇರಬೇಕು.

ಪುಟ ನಿಜವಾಗಿಯೂ ಶಾಶ್ವತವಾಗಿ ಬೇರೆ ವಿಳಾಸಕ್ಕೆ ಹೋಗಿದ್ದರೆ 301 ಸರಿಯೇ, ಏಕೆಂದರೆ ಅದು ಎಲ್ಲ ಓದುಗರಿಗೂ ಒಂದೇ ಉತ್ತರ. ಅನುಮತಿಯ ಪರೀಕ್ಷೆ ಹೊಸ ವಿಳಾಸದಲ್ಲಿ ನಡೆಯಲಿ. ಹೊಸ ವಿಳಾಸದಲ್ಲಿರುವ ಪದಗಳೇ ಗುಟ್ಟನ್ನು ಬಿಟ್ಟುಕೊಡುವಂತಿದ್ದರೆ ಮಾತ್ರ ಪರೀಕ್ಷೆ ಮೊದಲು, ಸ್ಥಳಾಂತರ ಆಮೇಲೆ, ಅದೂ 302ರ ಮೂಲಕ. ಹೀಗೆ ಪರಿಹಾರಕ, ಆವೃತ್ತಿ, ಲಾಗಿನ್ ಎಂದು ಹೆಜ್ಜೆಗಳು ಸೇರುತ್ತ ಹೋದಾಗ ಸರಪಳಿ ಉದ್ದವಾಗುತ್ತದೆ. ಹುಡುಕಾಟಕ್ಕಾಗಿ ಪುಟಗಳನ್ನು ಓದುತ್ತ ಹೋಗುವ ಗೂಗಲ್‌ಬಾಟ್ 10 ಹೆಜ್ಜೆಗಳವರೆಗೆ ಮಾತ್ರ ಹಿಂಬಾಲಿಸುತ್ತದೆ. ಲಾಗಿನ್ ಪುಟ ಹುಡುಕಾಟದ ಫಲಿತಾಂಶಗಳಲ್ಲಿ ಬರದಂತೆ ‘ನೋಇಂಡೆಕ್ಸ್’ ಸೂಚನೆಯನ್ನೂ ಇರಿಸಬೇಕು.

ಯಾರಿಗೆ ಯಾವುದು

ಬಹುಪಾಲು ಪುಟಗಳು ಸಾರ್ವಜನಿಕವಾಗಿದ್ದು ಕೆಲವಕ್ಕೆ ಮಾತ್ರ ಗ್ರಾಹಕರ ಲಾಗಿನ್ ಬೇಕಾದ ಪೋರ್ಟಲ್‌ಗೆ, ಲಾಗಿನ್‌ಗೆ ಕಳುಹಿಸಿ ಮರಳಿ ತರುವ ವಿಧಾನ, ಅದರ ಹಿಂದೆ ವಿವರವಾದ 403 ಪುಟ ಇಷ್ಟೇ ಸಾಕು. ಅದಕ್ಕಿಂತ ಹೆಚ್ಚಿನದನ್ನು ಕಟ್ಟಲು ಹೊರಟರೆ ನಿರ್ವಹಣೆಯ ಹೊರೆ ಮಾತ್ರ ಬೆಳೆಯುತ್ತದೆ. ಆವೃತ್ತಿಗಳೂ ಪರವಾನಗಿಗಳೂ ಹಲವಿದ್ದರೆ ಸ್ಥಿರ ಗುರುತಿನ ಪರಿಹಾರಕಕ್ಕೆ ಹೂಡಿದ ಶ್ರಮ ಸಾರ್ಥಕ, ಎಚ್ಚರಿಕೆಯ ಪಟ್ಟಿಯನ್ನು ಬಿಡದಿದ್ದರೆ. ಸಂಸ್ಥೆಯ ಒಳಗಿನ ವಿಕಿಯಲ್ಲಿ ಎಲ್ಲರೂ ಪರಸ್ಪರ ಪರಿಚಿತರಾದ್ದರಿಂದ 404ರ ಮರೆಮಾಚುವಿಕೆ ಅಪರೂಪಕ್ಕೆ ಮಾತ್ರ ಬೇಕು. ಅಲ್ಲಿ ಅನುಮತಿ ಕೋರುವ ಗುಂಡಿಯೇ ಮುಖ್ಯ. ಪರಸ್ಪರ ಸ್ಪರ್ಧಿಗಳಾದ ಗ್ರಾಹಕರು ಒಂದೇ ಪೋರ್ಟಲ್ ಬಳಸುವಲ್ಲಿ ಒಬ್ಬರ ಪುಟಗಳ ಇರುವಿಕೆ ಇನ್ನೊಬ್ಬರಿಗೆ ತಿಳಿಯಕೂಡದು. ಅಲ್ಲಿ 404, ಸಾಧ್ಯವಾದರೆ ಪ್ರತ್ಯೇಕ ತಾಣಗಳು. ನಿರ್ಧಾರವನ್ನು ಇಡೀ ಪೋರ್ಟಲ್‌ಗೆ ಒಂದೇ ಬಾರಿ ಮಾಡಬೇಕಾಗಿಲ್ಲ. ಪುಟಗಳ ವರ್ಗಕ್ಕೊಂದು ನಿಯಮವನ್ನು ಇರಿಸಲು ಬಿಡದ ತಂತ್ರಾಂಶವನ್ನು ಕೊಳ್ಳದಿರುವುದು ಲೇಸು.

ಪರೀಕ್ಷಿಸುವಾಗ ಕನಿಷ್ಠ ನಾಲ್ಕು ಖಾತೆಗಳು ಬೇಕು: ಲಾಗಿನ್ ಆಗದ ಬ್ರೌಸರ್, ಯಾವ ಹಕ್ಕೂ ಇಲ್ಲದ ಖಾತೆ, ಹಳೆಯ ಆವೃತ್ತಿಯ ಹಕ್ಕು ಮಾತ್ರ ಇರುವ ಖಾತೆ, ಪೂರ್ಣ ಹಕ್ಕಿನ ಖಾತೆ. ಪ್ರತಿಯೊಂದರಿಂದಲೂ ಒಂದು ಪುಟದ ಕೊಂಡಿ, ವಿಭಾಗದ ಕೊಂಡಿ, ಪಿಡಿಎಫ್ ಕೊಂಡಿ, ಸ್ಥಳಾಂತರಗೊಂಡ ಪುಟದ ಕೊಂಡಿ ಮತ್ತು ಇಲ್ಲದ ಪುಟದ ಕೊಂಡಿಯನ್ನು, ಪೋರ್ಟಲ್ ಒಳಗಿನಿಂದ ಒಮ್ಮೆ, ಮಿಂಚಂಚೆಯಿಂದ ಒಮ್ಮೆ ಒತ್ತಬೇಕು. ನಂತರ ಹಕ್ಕಿಲ್ಲದ ಖಾತೆಗೆ ಹಕ್ಕನ್ನು ಕೊಟ್ಟು, ಬ್ರೌಸರ್ ಅನ್ನು ಮುಚ್ಚದೆ ಮತ್ತೊಮ್ಮೆ ಒತ್ತಬೇಕು. ಕ್ಯಾಶ್ ಮತ್ತು ಟೋಕನ್‌ನ ತಪ್ಪುಗಳು ಹೊರಬರುವುದು ಈ ಕೊನೆಯ ಒತ್ತಿನಲ್ಲಿಯೇ. ಪೋರ್ಟಲ್ ಬಳಕೆಗೆ ಬಂದ ಮೇಲೆ ನಿರಾಕರಣೆಗಳನ್ನು, ಯಾವ ಪುಟದ ಯಾವ ಕೊಂಡಿಯಿಂದ ಬಂದದ್ದು ಎಂಬ ವಿವರದೊಂದಿಗೆ, ಪ್ರತ್ಯೇಕವಾಗಿ ದಾಖಲಿಸಿ ವಾರಕ್ಕೊಮ್ಮೆ ಬರಹಗಾರರ ಮುಂದಿಟ್ಟರೆ, ತಾವು ಹಾಕಿದ ಕೊಂಡಿಗಳಲ್ಲಿ ಯಾವುವು ಯಾರಿಗೆ ತೆರೆಯುತ್ತಿಲ್ಲ ಎಂಬುದು ಅವರಿಗೆ ಮೊದಲ ಬಾರಿಗೆ ಕಾಣುತ್ತದೆ.